ಗಂಗಾಕಾಕು ಓದಿದ ಒಂದೇ ಕಥೆ

ಕಥೆಯನ್ನು ಕೊನೆಯ ಪುಟದಿಂದ ಓದುವ ದುರಭ್ಯಾಸ ನನಗಿದೆ. ಪತ್ರಿಕೆ ಕೈಗೆ ಬಂದ ಕೂಡಲೇ ಕಥೆ ಎಲ್ಲಿ ಮುಗಿಯುತ್ತದೆ ಎಂದು ಹುಡುಕುತ್ತೇನೆ. ಕೊನೆಯ ಎಂಟು ಹತ್ತು ಸಾಲುಗಳಲ್ಲಿ ಯಾರಿಗೂ ಏನೂ ಆಗಿಲ್ಲ ಎಂದು ಖಾತ್ರಿಯಾದ ಮೇಲೆಯೇ ಮೊದಲಿಗೆ ಬಂದು, ಕಾಲು ಚಾಚಿಕೊಂಡು, ನೆಮ್ಮದಿಯಿಂದ ಓದಲು ಕೂಡುತ್ತೇನೆ. ಹೋದ ವಾರ ನಮ್ಮವರು ಇದನ್ನು ಕಂಡುಹಿಡಿದರು, ಅದೂ ಮದುವೆಯಾಗಿ ಮೂವತ್ತಾರು ವರ್ಷದ ಮೇಲೆ. ಹಾಗಾದರೆ ನೀನು ಊಟವನ್ನೂ ಮಜ್ಜಿಗೆ ಅನ್ನದಿಂದಲೇ ಸುರು ಮಾಡು ಎಂದು ನಕ್ಕರು. ನಾನು ವಾದಿಸಲಿಲ್ಲ. ಈ ಅಭ್ಯಾಸ ಅಂಟಿದ್ದು ನನ್ನ ಹದಿಮೂರನೇ ವಯಸ್ಸಿನಲ್ಲಿ, ನಿಲಂಗಾದಲ್ಲಿ, ಗಂಗಾಕಾಕುವಿನ ಶಾವಿಗೆ ಮಣೆಯ ಮುಂದೆ. ಅದನ್ನೆಲ್ಲ ಅವರಿಗೆ ಹೇಳಲು ಹೋದರೆ ಚಹಾ ಆರಿಹೋಗುತ್ತಿತ್ತು. ನಿಮಗಾದರೆ ಹೇಳಬಹುದು.

ನಮ್ಮ ಕಡೆಯ ಕನ್ನಡದ ಅವಸ್ಥೆ ನಿಮಗೆ ಗೊತ್ತಿರಲಿಕ್ಕಿಲ್ಲ. ಗಡಿಯಾಚೆ, ಮರಾಠಿ ಸೀಮೆಯಲ್ಲಿರುವ ಉದಗೀರದ ನಮ್ಮ ಮನೆಯಲ್ಲಿ ಜಗಳ, ಮುದ್ದು, ಪೂಜೆ ಎಲ್ಲ ಕನ್ನಡದಲ್ಲಿ. ಹೊಸ್ತಿಲು ದಾಟಿದರೆ ಮರಾಠಿ. ಶಾಲೆ ಮರಾಠಿ, ಅಂಗಡಿಯ ಹಲಗೆ ಮರಾಠಿ, ಮದುವೆಯ ಆಮಂತ್ರಣ ಪತ್ರಿಕೆಯೂ ಮರಾಠಿ. ಕನ್ನಡ ಅಂದರೆ ನಮಗೆ ಬಾಯಿ ಮತ್ತು ಕಿವಿ ಮಾತ್ರ. ಅದಕ್ಕೆ ಅಕ್ಷರವೂ ಇದೆ ಎಂಬುದು ನಮ್ಮ ಓಣಿಯ ಎಷ್ಟೋ ಜನಕ್ಕೆ ಕೇಳಿ ಗೊತ್ತಿತ್ತು, ನೋಡಿ ಗೊತ್ತಿರಲಿಲ್ಲ. ನನ್ನವ್ವ ಭಾಲ್ಕಿಯವಳು. ತವರಿನಿಂದ ತಂದ ಪಾತ್ರೆಗಳ ಜೊತೆಗೆ ಅಕ್ಷರಗಳನ್ನೂ ತಂದಿದ್ದಳು. ನನಗೆ ಕಲಿಸಿದಳು. ಅವಳ ತಮ್ಮ ಬೀದರದಿಂದ ರೈಲಿನಲ್ಲಿ ಬರುವಾಗ ಒಂದೆರಡು ಕನ್ನಡ ಪತ್ರಿಕೆ ತರುತ್ತಿದ್ದ. ಹೀಗಾಗಿ ನಮ್ಮ ಬಳಗದಲ್ಲಿ ಕನ್ನಡ ಓದಬಲ್ಲ ಹುಡುಗಿ ನಾನೊಬ್ಬಳೇ. ಇಂಥ ಮಕ್ಕಳಿಗೆ ಎಷ್ಟು ಸೊಕ್ಕು ಬರಬಹುದೋ ಅಷ್ಟು ನನಗೂ ಬಂದಿತ್ತು.

ಬೇಸಿಗೆ ರಜೆಗೆ ನಿಲಂಗಾಕ್ಕೆ ಹೋಗುವುದು ವಾಡಿಕೆ. ಅಲ್ಲಿ ನನ್ನ ಕಾಕಾ, ಅಂದರೆ ಅಪ್ಪನ ತಮ್ಮ, ಮನೆಯ ಮುಂದಿನ ಖೋಲಿಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ. ಅವನ ಹೆಂಡತಿ ಗಂಗಾಕಾಕು. ಮೂವತ್ತೈದರ ಆಸುಪಾಸಿನ, ಗಟ್ಟಿಮುಟ್ಟಾದ ಹೆಂಗಸು. ಅವಳು ನಕ್ಕರೆ ಅಂಗಡಿಯಲ್ಲಿ ಬೆಲ್ಲ ತೂಗುತ್ತಿದ್ದ ಕಾಕಾನ ಕೈ ನಿಲ್ಲುತ್ತಿತ್ತು. ಮರಾಠಿ ನಾಲ್ಕನೇ ಇಯತ್ತೆ ಓದಿದ್ದಳು. ಕನ್ನಡ ಅಕ್ಷರ ಬಾರದು. ಆದರೆ ಕನ್ನಡ ಕಥೆ ಕೇಳುವ ಹುಚ್ಚು ವಿಪರೀತ. ಚೈತ್ರದಲ್ಲಿ ಶಾವಿಗೆ ಹೊಸೆಯಲು ಕೂತಳೆಂದರೆ ನಾನು ಎದುರಿಗೆ ಕಂಬಕ್ಕೆ ಆತು ಕೂತು ಓದಬೇಕು. ನೆರೆಮನೆಯ ಮಹಾನಂದಾಬಾಯಿ ಎಳೆಗಳನ್ನು ಕೋಲಿಗೆ ಹಾಕಲು ಬರುವ ನೆಪದಲ್ಲಿ ಕಥೆಗೆ ಬರುತ್ತಿದ್ದಳು.

ನಾನು ಬರೀ ಓದುತ್ತಿರಲಿಲ್ಲ. ಮುದುಕನ ಮಾತಿಗೆ ಮುದುಕನ ದನಿ, ಅತ್ತೆಯ ಮಾತಿಗೆ ಅತ್ತೆಯ ಮೂಗು. ಕಥೆ ಸಪ್ಪೆ ಅನಿಸಿದರೆ ನಾನೇ ನಾಲ್ಕು ಮಾತು ಸೇರಿಸುತ್ತಿದ್ದೆ. ಹಿಂದಿನ ವರ್ಷ ಒಂದು ಕಥೆಯಲ್ಲಿ ಮುರಿದುಬಿದ್ದ ಮದುವೆಯನ್ನು ನನ್ನ ಸ್ವಂತ ಜವಾಬ್ದಾರಿಯ ಮೇಲೆ ಮಾಡಿಸಿ, ಊಟವನ್ನೂ ಹಾಕಿಸಿಬಿಟ್ಟಿದ್ದೆ. ದೀಪಾವಳಿಗೆ ಕಾಕು ಉದಗೀರಕ್ಕೆ ಬಂದಾಗ ಅವ್ವನ ಮುಂದೆ ಆ ಮದುವೆಯ ಮಾತೆತ್ತಿದ್ದರಿಂದ ನನ್ನ ಬಣ್ಣ ಬಯಲಾಗಿತ್ತು. ಕಾಕು ಬೈಯಲಿಲ್ಲ. ಆದರೆ ಅಂದಿನಿಂದ ನನ್ನ ಓದಿನ ಮೇಲೆ ಅವಳಿಗೆ ಒಂದು ಕಣ್ಣು.

ಆ ರಜೆಯಲ್ಲಿ ನಾನು ಒಯ್ದಿದ್ದು ಬೆಕ್ಕಿನ ಕಥೆ. ಬರೆದವರ ಹೆಸರು ನೆನಪಿಲ್ಲ. ಕಥೆಯ ತಲೆಯ ಮೇಲೆ ದುಂಡಗಿನ ಬೆಕ್ಕಿನ ಚಿತ್ರವಿತ್ತು, ಅದನ್ನು ನೋಡಿಯೇ ಆರಿಸಿದ್ದೆ. ಇಬ್ಬರು ಮುದಿ ಅಣ್ಣತಮ್ಮಂದಿರು. ಮನೆಯ ನಡುವೆ ಗೋಡೆ ಎಬ್ಬಿಸಿಕೊಂಡು ಮಾತು ಬಿಟ್ಟಿದ್ದಾರೆ. ಇಬ್ಬರಿಗೂ ಹೆಂಡತಿ ಮಕ್ಕಳಿಲ್ಲ. ಎಲ್ಲ ಹಂಚಿಕೊಂಡರೂ ಹಂಚಲು ಬಾರದೆ ಉಳಿದದ್ದು ಒಂದು ಬೆಕ್ಕು. ಅದು ಗೋಡೆ ಹಾರಿ ಎರಡೂ ಕಡೆ ಓಡಾಡುತ್ತದೆ. ಅಣ್ಣ ಹಾಲು ಹಾಕಿದರೆ ತಮ್ಮ ಕೆನೆ ಹಾಕುತ್ತಾನೆ. ತಮ್ಮ ಕೆನೆ ಹಾಕಿದರೆ ಅಣ್ಣ ತುಪ್ಪದಲ್ಲಿ ರೊಟ್ಟಿ ಹಿಸುಕುತ್ತಾನೆ. ಬೆಕ್ಕು ಊದಿ ಊದಿ ಗೋಡೆ ಹಾರಲು ತಿಣುಕತೊಡಗುತ್ತದೆ. ಒಂದು ದಿನ ತಮ್ಮನ ಕಡೆಗೆ ಬಂದ ಬೆಕ್ಕು ತಿರುಗಿ ಹೋಗುವುದೇ ಇಲ್ಲ. ತಮ್ಮನಿಗೆ ಸ್ವರ್ಗ ಸಿಕ್ಕಂತೆ. ಎರಡನೇ ದಿನ ಓಣಿಗೆಲ್ಲ ಸಕ್ಕರೆ ಹಂಚುತ್ತಾನೆ. ಮೂರನೇ ದಿನ ಬೆಕ್ಕನ್ನು ತೊಡೆಯ ಮೇಲಿಟ್ಟುಕೊಂಡು ಗೋಡೆಗೆ ಬಾಯಿ ಹಚ್ಚಿ ಹಾಡುತ್ತಾನೆ. ನಾಲ್ಕನೇ ದಿನ, ನಿನ್ನ ಬೆಕ್ಕು ಎಲ್ಲಿ ಹೋಯಿತೋ ಎಂದು ಕೂಗಿ ಕೇಳುತ್ತಾನೆ. ಆ ಕಡೆಯಿಂದ ಉತ್ತರವಿಲ್ಲ. ಅವಮಾನಕ್ಕೆ ಬಾಯಿ ಕಟ್ಟಿದೆ ಎಂದುಕೊಳ್ಳುತ್ತಾನೆ.

ನಾನು ಹಾಡಿಯೇ ತೋರಿಸಿದೆ. ಗೋಡೆಯ ಬದಲು ಕಂಬಕ್ಕೆ ಬಾಯಿ ಹಚ್ಚಿದೆ. ಮಹಾನಂದಾಬಾಯಿ ನಕ್ಕು ನಕ್ಕು ಎಳೆಗಳನ್ನು ಗೋಜಲು ಮಾಡಿಕೊಂಡಳು. ಕಾಕು ಹಿಟ್ಟಿನ ಕೈಯಿಂದ ಕಣ್ಣೊರೆಸಿಕೊಂಡಳು. ಅಂಗಡಿಯಿಂದ ಕಾಕಾ ಇಣುಕಿ ನೋಡಿ ಹೋದ. ಅದೇ ಉಮೇದಿನಲ್ಲಿ ಮುಂದಿನ ಸಾಲುಗಳನ್ನೂ ಓದಿದೆ. ಅರ್ಥ ನನ್ನ ನಾಲಿಗೆಗಿಂತ ಎರಡು ಸಾಲು ಹಿಂದೆ ಬರುತ್ತಿತ್ತು. ಐದನೇ ದಿನ ಓಣಿಯವರು ಅಣ್ಣನ ಕಡೆಯ ಬಾಗಿಲು ಒಡೆಯುತ್ತಾರೆ. ಅವನು ಸತ್ತು ಐದು ದಿನವಾಗಿದೆ. ಹಾಲು ಹಾಕುವವರು ಯಾರೂ ಇಲ್ಲವೆಂದು ಬೆಕ್ಕು ಈ ಕಡೆಗೆ ಬಂದಿತ್ತು. ಅಷ್ಟೇ, ಕಥೆ ಮುಗಿಯಿತು. ಕೆಳಗೆ ಸಾಬೂನಿನ ಜಾಹೀರಾತು.

ನಾನು ಅದನ್ನು ನಗೆಯ ದನಿಯಲ್ಲೇ ಓದಿ ಮುಗಿಸಿದ್ದೆ. ಇವತ್ತಿಗೂ ನೆನೆದರೆ ಮೈ ಹಿಡಿಯಾಗುತ್ತದೆ.

ಮಹಾನಂದಾಬಾಯಿ ಸೆರಗು ಬಾಯಿಗೆ ಹಚ್ಚಿಕೊಂಡು, ಜಾವೂ ದೇ, ಹೋಗಲಿ ಬಿಡಿ, ಕಥೆಯಲ್ಲವೇ ಎಂದಳು. ಮಣೆಯ ಮೇಲಿನ ಕಣಕ ಒಣಗುತ್ತಿತ್ತು. ಕಾಕು ನನ್ನ ಕಡೆ ತಿರುಗಿದಳು.

"ನೀ ನಿನ್ನ ಮನಸಿನ ಮಾತು ಹಚ್ಚಿ ಓದೀದಿ. ಬರೆದಿದ್ದು ಓದು."

ಮತ್ತೆ ಓದಿದೆ, ಸಪ್ಪಗೆ. ಬೆಕ್ಕು ಈ ಕಡೆಗೇ ಬಂದಿತ್ತು, ಅಣ್ಣ ಸತ್ತೇ ಇದ್ದ. ಇನ್ನೊಮ್ಮೆ ಓದು ಎಂದಳು. ಮೂರನೇ ಸಲವೂ ಅವನು ಏಳಲಿಲ್ಲ. ಕಾಕು ಪತ್ರಿಕೆ ಕಸಿದುಕೊಂಡು, ಉಲ್ಟಾ ಹಿಡಿದು, ಸುಲ್ಟಾ ಹಿಡಿದು, ಆ ಪುಟವನ್ನೇ ದಿಟ್ಟಿಸಿದಳು. ಹಿಂದೊಮ್ಮೆ ಆಗದ ಮದುವೆ ಮಾಡಿಸಿದವಳು ಈಗ ಸಾಯದವನನ್ನು ಸಾಯಿಸಿರಲಿಕ್ಕೂ ಸಾಕು ಎಂಬ ಗುಮಾನಿ ಅವಳ ಮುಖದಲ್ಲಿತ್ತು. ನಾನು ದೇವರ ಆಣೆ ಮಾಡಿದೆ. ಅವಳು ಒಪ್ಪಲಿಲ್ಲ. ನಾ ನನ್ನ ಕಣ್ಣಿಲೆ ನೋಡತೀನಿ, ನನಗ ಅಕ್ಷರ ಕಲಸು ಎಂದಳು.

ಹೀಗೆ ನಾನು ಮಾಸ್ತರಿಕೆ ಸುರು ಮಾಡಿದೆ. ಮುಂದೆ ಮೂವತ್ತು ವರ್ಷ ಉದಗೀರದ ಶಾಲೆಯಲ್ಲಿ ಮರಾಠಿ ಕಲಿಸಿದ್ದೇನೆ, ಆದರೆ ಅಂಥ ವಿದ್ಯಾರ್ಥಿನಿ ಮತ್ತೆ ಸಿಗಲಿಲ್ಲ. ಪಾಟಿ ಇರಲಿಲ್ಲ. ತಾಟಿನಲ್ಲಿ ಜೋಳದ ಹಿಟ್ಟು ಹರವಿ ಬೆರಳಿನಿಂದ ತೀಡುವುದು, ಅಲುಗಿಸಿ ಅಳಿಸುವುದು. ಕನ್ನಡ ಅಕ್ಷರಗಳ ಮೇಲೆ ಅವಳಿಗೆ ಮೊದಲ ದಿನವೇ ಸಿಟ್ಟು ಬಂತು. ಮರಾಠಿ ಅಕ್ಷರಗಳು ತಲೆಯ ಮೇಲೆ ಗೆರೆ ಹಿಡಿದು ಶಿಸ್ತಾಗಿ ನಿಲ್ಲುತ್ತವೆ, ಇವು ಮಾತ್ರ ಎಣ್ಣೆಯಲ್ಲಿ ಬಿಟ್ಟ ಚಕ್ಕುಲಿಯಂತೆ ಎತ್ತ ಬೇಕಾದರೂ ಸುತ್ತಿಕೊಳ್ಳುತ್ತವೆ ಎಂಬುದು ಅವಳ ತಕರಾರು. ಮ ಮತ್ತು ವ ನಡುವೆ ಹದಿನೈದು ದಿನ ಎಡವಿದಳು. ಒತ್ತಕ್ಷರ ಬಂದಾಗಲಂತೂ, ಕೆಳಗೆ ಜೋತು ಬಿದ್ದದ್ದನ್ನು ಮೊದಲು ಓದಬೇಕೋ ಮೇಲೆ ಕೂತದ್ದನ್ನೋ ಎಂದು ನನ್ನೊಡನೆ ಜಗಳಕ್ಕೇ ಬಂದಳು. ಕಾಕಾ ನಗುತ್ತಿದ್ದ. ಆದರೆ ಗಿರಾಕಿ ಇಲ್ಲದಾಗ ಸದ್ದಿಲ್ಲದೆ ಬಂದು ತಾನೂ ತಾಟಿನಲ್ಲಿ ಒಂದು 'ಕ' ತೀಡಿ ಹೋಗುತ್ತಿದ್ದ.

ಒಂದು ಕಥೆಗಾಗಿ ಇಷ್ಟೆಲ್ಲ ಯಾಕೆ ಎಂದು ನನಗೆ ಹೊಳೆದಿರಲಿಲ್ಲ. ಮಹಾನಂದಾಬಾಯಿ ಹೇಳಿದಳು. ಉಮರ್ಗಾದಲ್ಲಿ ಕಾಕುವಿಗೆ ಅಕ್ಕ ಇದ್ದಳು, ನೀಲಾಬಾಯಿ. ಇಬ್ಬರೇ ಅಕ್ಕತಂಗಿಯರು. ಒಂಬತ್ತು ವರ್ಷದಿಂದ ಮಾತಿಲ್ಲ. ಅವರ ತಾಯಿ ಎರಡು ವರ್ಷ ಹಾಸಿಗೆ ಹಿಡಿದು ನೀಲಾಬಾಯಿಯ ಮನೆಯಲ್ಲೇ ಇದ್ದಳು. ಅಲ್ಲೇ ತೀರಿಕೊಂಡಳು. ಸುದ್ದಿ ನಿಲಂಗಾಕ್ಕೆ ಮುಟ್ಟುವಾಗ ಮಣ್ಣಾಗಿ ಮೂರು ದಿನವಾಗಿತ್ತು. ಕಾಕು ಆಗ ಎಂಟು ತಿಂಗಳ ಬಸುರಿ. ಅದೇ ಸ್ಥಿತಿಯಲ್ಲಿ ಉಮರ್ಗಾಕ್ಕೆ ಹೋಗಿ, ಅಕ್ಕನ ಹೊಸ್ತಿಲ ಹೊರಗೇ ನಿಂತು, ಇವತ್ತಿನಿಂದ ನಿನಗೆ ತಂಗಿ ಇಲ್ಲ ಎಂದು ಹೇಳಿ, ನೀರೂ ಕುಡಿಯದೆ ತಿರುಗಿ ಬಂದಿದ್ದಳಂತೆ.

ರಜೆ ಮುಗಿಯಲು ನಾಲ್ಕು ದಿನ ಇದ್ದಾಗ ಕಾಕು ಆ ಪುಟವನ್ನು ಓದಿದಳು. ಬೆಳಿಗ್ಗೆ ಊಟದ ಕೆಲಸ ಮುಗಿಸಿ, ಮುಖ ತೊಳೆದು, ವಿಭೂತಿ ಹಚ್ಚಿಕೊಂಡು, ಪರೀಕ್ಷೆಗೆ ಕೂತವಳಂತೆ ಕೂತಳು. ಕಥೆ ಬಾಯಿಪಾಠವಾಗಿತ್ತು, ಬೇಕಿದ್ದರೆ ಗಡಗಡ ಹೇಳಿಬಿಡಬಹುದಿತ್ತು. ಹಾಗೆ ಮಾಡಲಿಲ್ಲ. ಒಂದೊಂದು ಅಕ್ಷರದ ಕೆಳಗೆ ಬೆರಳಿಟ್ಟು, ಗೊತ್ತಿರುವ ಮಾತನ್ನೂ ಗೊತ್ತಿಲ್ಲದಂತೆ ಬಿಡಿಸಿದಳು. ಬಾಗಿಲು ಒಡೆಯುವಲ್ಲಿಗೆ ಬಂದಾಗ ಬೆರಳು ನಿಧಾನವಾಯಿತು. ಸ ಅಂದಳು. ತ ಅಂದಳು. ಕೆಳಗಿನ ಒತ್ತನ್ನು ನೋಡುತ್ತ ಸುಮ್ಮನೆ ಕೂತಳು. ನಾನು ಹೇಳಿಕೊಡಲು ಬಾಯಿ ತೆರೆದೆ. ಕೈ ಎತ್ತಿ ತಡೆದಳು. ಸತ್ತು, ಎಂದಳು.

ಆಮೇಲೆ ಪತ್ರಿಕೆ ಮಡಿಚಿಟ್ಟಳು.

"ಖರೇನೇ ಬರದಾರ. ನಾವು ಎಷ್ಟು ನಕ್ಕೇವಲ್ಲ ಶಾಂತಾ."

ಮರುದಿನ ಬೆಳಿಗ್ಗೆ ನನ್ನನ್ನು ಜೊತೆಗೆ ಕರೆದುಕೊಂಡು ಉಮರ್ಗಾದ ಬಸ್ಸು ಹತ್ತಿದಳು. ಕಾಸಾರ ಶಿರಸಿಯಲ್ಲಿ ಬಸ್ಸು ನಿಂತಾಗ ಎಲ್ಲರೂ ಇಳಿದು ಚಹಾ ಕುಡಿದರು. ಕಾಕು ಕಿಟಕಿಯ ಸರಳು ಹಿಡಿದು ಕೂತೇ ಇದ್ದಳು. ಒಂಬತ್ತು ವರ್ಷದಲ್ಲಿ ಅಕ್ಕ ಹೇಗಿದ್ದಾಳೆ, ಇದ್ದಾಳೋ ಇಲ್ಲವೋ ಎಂದು ಯಾರನ್ನೂ ಕೇಳಿದವಳಲ್ಲ. ಯಾರಾದರೂ ಹೇಳಲು ಬಂದರೆ ಎದ್ದು ಹೋಗುತ್ತಿದ್ದಳು. ಅದೆಲ್ಲ ಆಗ ಅವಳ ತಲೆಯಲ್ಲಿ ಓಡುತ್ತಿತ್ತು ಎಂದು ಈಗ ನನಗೆ ತಿಳಿಯುತ್ತದೆ. ಆಗ ನನಗೆ ಶಿರಸಿಯ ಭಜಿ ತಪ್ಪಿಹೋದದ್ದಷ್ಟೇ ದುಃಖ.

ಉಮರ್ಗಾದಲ್ಲಿ ಇಳಿದು ಸರಸರ ನಡೆದಳು. ಓಣಿಯ ತಿರುವಿನಲ್ಲಿ ಗುರುತಿನವರು ಕಂಡರೂ ತಲೆ ಎತ್ತಲಿಲ್ಲ. ಹಸಿರು ಬಣ್ಣದ ಬಾಗಿಲಿನ ಮುಂದೆ ಬಂದು ನಿಂತಳು. ಹಾಡಹಗಲು ಬಾಗಿಲು ಮುಚ್ಚಿತ್ತು. ಹೊಸ್ತಿಲಿಗೆ ಅಂದಿನ ರಂಗೋಲಿ ಇರಲಿಲ್ಲ. ಕಾಕು ಕೈ ಎತ್ತಿದಳು, ಇಳಿಸಿದಳು. ಅವಳ ಮೂಗಿನ ಮೇಲೆ ಬೆವರು ಹನಿಗೂಡಿತ್ತು. ಅವಳು ಬಾಗಿಲು ಬಡಿಯಲಾರಳು ಎಂದು ತಿಳಿದು ನಾನೇ ಬಡಿದೆ. ಒಳಗೆ ಯಾರೂ ಮಾತಾಡಲಿಲ್ಲ. ಇನ್ನೊಮ್ಮೆ ಬಡಿದೆ.

ಯಾರ ಅದು, ಬಂದೆ, ಎಂಬ ದನಿ ಬಂತು. ಕಾಕು ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟಳು.

ಬಾಗಿಲು ತೆರೆದವಳು ನೀಲಾಬಾಯಿ, ಮುಂದೆ ನನಗೆ ನೀಲಾಮಾವಶಿಯಾದವಳು. ಕಾಕುವಿಗಿಂತ ಸಣ್ಣಗಿದ್ದಳು, ಕೂದಲು ಅರ್ಧ ಬೆಳ್ಳಗಾಗಿತ್ತು. ಮಂಡಿ ನೋವೆಂದು ಮಲಗಿದ್ದಳಂತೆ. ನಮ್ಮನ್ನು ನೋಡಿ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಕೊನೆಗೆ ಮಾವಶಿ ನನ್ನನ್ನು ನೋಡಿ, ಹುಡುಗಿಯ ಮುಖ ಬಾಡಿದೆ, ಒಳಗೆ ಕರೆದುಕೊಂಡು ಬಾ ಎಂದಳು. ನನ್ನ ಬಾಡಿದ ಮುಖ ಜೀವನದಲ್ಲಿ ಅಷ್ಟು ಉಪಯೋಗಕ್ಕೆ ಬಂದದ್ದು ಅದೊಂದೇ ಸಲ.

ಒಳಗೆ ಫರಸಿಕಲ್ಲಿನ ನೆಲದ ಮೇಲೆ ಕೂತೆವು. ನನಗೆ ಚುರಮುರಿ ಬಂತು. ಈಗ ಹೇಗೆ ನೆನಪಾಯಿತು ಎಂದು ಮಾವಶಿ ಕೇಳಿದಳು. ಒಂದು ಕಥೆ ಓದಿದೆ ಎಂದಳು ಕಾಕು. ನೀನು ಓದಿದೆಯಾ, ಕನ್ನಡವಾ ಎಂದು ಮಾವಶಿಗೆ ನಗು ಬಂತು. ಕಾಕು ನಗಲಿಲ್ಲ. ಬೆಕ್ಕಿನ ಕಥೆಯನ್ನು ಮೊದಲಿಂದ ಹೇಳಿದಳು. ನನ್ನಂತೆ ಹಾಡಲಿಲ್ಲ, ಕುಣಿಯಲಿಲ್ಲ. ಕೆನೆ ಹಾಕಿದ್ದು, ಸಕ್ಕರೆ ಹಂಚಿದ್ದು, ಬಾಗಿಲು ಒಡೆದದ್ದು ಎಲ್ಲ ಒಂದೇ ದನಿಯಲ್ಲಿ ಹೇಳಿದಳು. ಅಷ್ಟು ನೆಟ್ಟಗೆ ಆ ಕಥೆಯನ್ನು ಓದಲು ನನಗೆ ಕೊನೆಗೂ ಬಂದಿರಲಿಲ್ಲ.

ಮಾವಶಿ ಕೇಳುತ್ತ ಕೇಳುತ್ತ ತಲೆ ಬಗ್ಗಿಸಿದಳು. ಕಥೆ ಮುಗಿದ ಮೇಲೆ ತಲೆ ಎತ್ತದೆಯೇ ಮಾತಾಡಿದಳು.

"ನಿನ್ನ ಕರಸೂದು ಅವ್ವನೇ ಬ್ಯಾಡ ಅಂದಿದ್ದಳು ಗಂಗಾ. ನಿನಗ ಮೊದಲ ಎರಡು ಸಾರಿ ಹೊಟ್ಟಿ ನಿಂತಿದ್ದಿಲ್ಲ. ಬಸ್ಸಿನಾಗ ಬಂದು ಮತ್ತ ಏನರೆ ಆದ್ರ ಅಂತ ಅಂಜಿದ್ದಳು. ನೀ ಬಂದು ಹೋದ ಮ್ಯಾಲ ಅದನ್ನೇ ಚಿಠ್ಠಿಯೊಳಗ ಬರಸಿ ಕಳಿಸಿದ್ದೆ."

"ಆ ಚಿಠ್ಠಿ ನಾ ಒಡೀಲಿಲ್ಲ. ಒಲಿಯೊಳಗ ಹಾಕಿದೆ."

"ಹಾಕಿದ್ದೇ ಚಲೋ ಆಯ್ತು. ಅದರಾಗ ಅರ್ಧಾ ಬರಸಿದ್ದೆ."

ಕಾಕು ಅಕ್ಕನ ಮುಖ ನೋಡಿದಳು.

"ಬ್ಯಾಡ ಅಂದಿದ್ದು ಮೊದಲ. ಕಡೀ ಮೂರು ದಿನ ಅವ್ವ ನಿನ್ನ ಹೆಸರೇ ಹಿಡದಿದ್ದಳು. ಗಂಗಾನ ಕರೀರಿ ಅಂದ್ಲು. ನಾ ಕರೀಲಿಲ್ಲ. ಎರಡು ವರ್ಷ ಆಕಿದೆಲ್ಲಾ ಮಾಡಿದಾಕಿ ನಾ. ಕಡೀಕ ಆಕಿ ನನಗೊಬ್ಬಾಕಿಗೇ ಇರಲಿ ಅನಸ್ತು."

ನಾನು ಚುರಮುರಿ ತಿನ್ನುವುದನ್ನು ಬಿಟ್ಟೆ. ಹದಿಮೂರು ವರ್ಷದವಳಿಗೂ ಆ ಮಾತಿನ ಭಾರ ತಿಳಿದಿತ್ತು. ಕಾಕು ಅಳಲಿಲ್ಲ, ಕೂಗಾಡಲೂ ಇಲ್ಲ. ಎಷ್ಟು ಸಲ ಕರೆದಳು ಎಂದು ಕೇಳಿದಳು. ಮಾವಶಿ, ಭಾಳ ಸಲ ಎಂದಳು. ಕಾಕು ಎದ್ದಳು. ಸರಿ, ಹೊರಟೆವು ಎಂದು ನಾನು ಚೀಲ ಎತ್ತಿಕೊಂಡೆ. ಅವಳು ಬಾಗಿಲಿನ ಕಡೆ ಹೋಗಲಿಲ್ಲ. ಅಡುಗೆಮನೆಗೆ ಹೋಗಿ, ಕೊಡದಿಂದ ನೀರು ಬಗ್ಗಿಸಿಕೊಂಡು ಕುಡಿದು, ಬಾಯಿ ಒರೆಸಿಕೊಳ್ಳುತ್ತ ಬಂದು ಅದೇ ಜಾಗದಲ್ಲಿ ಕೂತಳು. ಅವ್ವನ ಆ ಮೂರು ದಿನವನ್ನು ಮೊದಲಿಂದ ಹೇಳು, ಏನೂ ಬಿಡಬೇಡ ಎಂದಳು.

ಮಾವಶಿ ಹೇಳಿದಳು. ಅವ್ವ ಕೇಳಿದ್ದು, ಉಂಡದ್ದು, ಉಗುಳಿದ್ದು, ಯಾವ ಮಗ್ಗುಲಿಗೆ ಮಲಗಿದ್ದು, ಯಾರನ್ನು ಯಾರೆಂದು ತಿಳಿದದ್ದು. ಮಧ್ಯಾಹ್ನವೆಲ್ಲ ಅದೇ ನಡೆಯಿತು. ಒಂದು ಕಡೆ ಅವ್ವ ಮಾವಶಿಯನ್ನೇ ಗಂಗಾ ಎಂದು ತಿಳಿದು ತಲೆ ಸವರಿದ್ದಳಂತೆ. ಅದನ್ನು ಹೇಳುವಾಗ ಮಾವಶಿಗೆ ಮುಂದೆ ಹೇಳಲಾಗಲಿಲ್ಲ. ಅಲ್ಲಿ ಮಾತ್ರ ಕಾಕು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಇಳಿಹೊತ್ತಿನ ಬಸ್ಸಿಗೆ ಮಾವಶಿಯ ಗಂಡ ನನ್ನನ್ನು ನಿಲಂಗಾಕ್ಕೆ ಕರೆದುಕೊಂಡು ಬಂದರು. ಕಾಕು ಅಲ್ಲೇ ಉಳಿದಳು. ಅಲ್ಲಿ ಏನಾಯಿತು ಎಂದು ಕಾಕಾ ಕೇಳಿದ. ಹೇಗೆ ಹೇಳುವುದೆಂದು ತಿಳಿಯದೆ, ಕಾಕು ನೀರು ಕುಡಿದಳು ಎಂದೆ. ಅವನಿಗೆ ಅಷ್ಟು ಸಾಕಾಯಿತು. ಹನ್ನೊಂದು ದಿನ ತನಗೂ ಮಗನಿಗೂ ತಾನೇ ರೊಟ್ಟಿ ಬಡಿದು, ಕರಕಲು ಭಾಗವನ್ನು ಬೆಲ್ಲ ಹಚ್ಚಿ ತಿಂದು, ಅಂಗಡಿಗೆ ಬಂದವರಿಗೆಲ್ಲ, ಆಕಿ ಅಕ್ಕನ ಮನಿಗೆ ಹೋಗ್ಯಾಳ ಎಂದು ಕೇಳದಿದ್ದರೂ ಹೇಳುತ್ತಿದ್ದನಂತೆ. ನಾನಂತೂ ಶಾಲೆ ಸುರುವಾಯಿತೆಂದು ಉದಗೀರಕ್ಕೆ ಬಂದುಬಿಟ್ಟಿದ್ದೆ.

ಕಾಕು ಆಮೇಲೆ ಬೇರೆ ಕಥೆ ಓದಲಿಲ್ಲ. ಎಷ್ಟೋ ಪತ್ರಿಕೆ ಒಯ್ದುಕೊಟ್ಟೆ, ನಗುವ ಕಥೆಗಳನ್ನು ಆರಿಸಿ ಗುರುತು ಹಾಕಿಕೊಟ್ಟೆ. ಚಿತ್ರ ನೋಡಿ ತಿರುಗಿಸಿ ಕೊಡುತ್ತಿದ್ದಳು. ಆದರೆ ಉಮರ್ಗಾಕ್ಕೆ ಹೋಗುವುದು ಮಾತ್ರ ತಪ್ಪಿಸಲಿಲ್ಲ. ನೀಲಾಮಾವಶಿ ತೀರಿಕೊಂಡು ಆರು ವರ್ಷವಾಯಿತು. ಕಾಕಾನೂ ಇಲ್ಲ. ಕಾಕುವಿಗೆ ಈಗ ಎಂಬತ್ತು ದಾಟಿದೆ. ಮಗ ಸೊಸೆ ಮೊಮ್ಮಕ್ಕಳ ನಡುವೆ, ಕಿವಿ ಸ್ವಲ್ಪ ಮಂದವಾಗಿ, ದನಿ ಮಾತ್ರ ಹಿಂದಿನಷ್ಟೇ ದೊಡ್ಡದಾಗಿ ಇದ್ದಾಳೆ.

ಹೋದ ತಿಂಗಳು ನಿಲಂಗಾಕ್ಕೆ ಹೋದಾಗ, ಇಷ್ಟು ವರ್ಷ ಕೇಳಬೇಕೆಂದು ಕೇಳದೆ ಉಳಿದದ್ದನ್ನು ಕೇಳಿದೆ. ಸೊಸೆ ಚಹಾ ಇಟ್ಟು ಒಳಗೆ ಹೋಗಿದ್ದಳು.

"ಕಾಕು, ಮಾವಶಿಗೆ ಅವತ್ತೇ ಮಾಫ್ ಮಾಡಿದ್ದೆಯೇನು?"

ಅವಳು ಬಸಿಯಲ್ಲಿ ಚಹಾ ಸುರಿದುಕೊಂಡು ಊದಿದಳು.

"ಇಲ್ಲವ್ವ. ಅದೇನು ಮಾಫ್ ಮಾಡೋ ಮಾತೇನು? ಅದೇ ಮಾತಿಗೆ ವರ್ಷಾ ವರ್ಷಾ ಜಗಳಾ ಆಡೀನಿ ಆಕಿ ಕೂಡ. ಪ್ರತೀ ಸಾರಿ ಆಕಿ ಮನಿಯೊಳಗೇ ಕೂತು ಆಡೀನಿ."

ಬಸಿ ಬಾಯಿಗೆ ಒಯ್ದವಳು ಕುಡಿಯದೆ ತಿರುಗಿ ಕೆಳಗಿಟ್ಟಳು.

"ಇನ್ನಾ ಮುಗಿದಿದ್ದಿಲ್ಲ, ಅಷ್ಟರಾಗ ಹೋದ್ಲು."